ಯಾರೂ ಹೇಳದ ಇಂಡೀ ಗೇಮ್‌ಗಳನ್ನು ಹುಡುಕಿ ಆಡುವುದು, ಆಡಿದ್ದನ್ನು ನಾಲ್ಕು ಮಂದಿಗೆ ಹೇಳುವುದು

ದೊಡ್ಡ ಕಂಪನಿಗಳ ಹಂಗಿಲ್ಲದೆ ಒಬ್ಬರೋ ನಾಲ್ಕೈದು ಜನವೋ ಸೇರಿ ಮಾಡುವವು ಇಂಡೀ ಗೇಮ್‌ಗಳು. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಒಂದರಲ್ಲೇ 2024ರಲ್ಲಿ 18 ಸಾವಿರಕ್ಕೂ ಜಾಸ್ತಿ ಹೊಸ ಗೇಮ್‌ಗಳು ಬಂದವು. ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 50. ಅಲ್ಲಿ ಒಂದು ಗೇಮ್ ಮಾರಾಟಕ್ಕೆ ಇಡಲು 100 ಡಾಲರ್ ಕಟ್ಟಿ, ಒಂದಷ್ಟು ಕಾಗದಪತ್ರ ಮುಗಿಸಿದರೆ ಸಾಕು. 2013ರಲ್ಲಿ ಶುರುವಾದ ಇಚ್ ಡಾಟ್ ಐಓ (ಮುಂದೆ ಬರೀ ಇಚ್) ಅನ್ನುವ ತಾಣದಲ್ಲಿ ಅದೂ ಬೇಕಿಲ್ಲ, ಯಾರು ಬೇಕಾದರೂ ಪುಕ್ಕಟೆಯಾಗಿ ತಮ್ಮ ಗೇಮ್ ಹಾಕಬಹುದು. ಇಷ್ಟೆಲ್ಲಾ ಇದ್ದರೂ ನಮ್ಮ ಕಿವಿಗೆ ಬೀಳುವ ಹೆಸರುಗಳು ಬೆರಳೆಣಿಕೆಯಷ್ಟು. ಉಳಿದವುಗಳಲ್ಲಿ ಎಷ್ಟೋ ಒಳ್ಳೆಯ ಗೇಮ್‌ಗಳಿವೆ. ಅವುಗಳ ಬಗ್ಗೆ ಬಾಯಿ ಬಿಟ್ಟು ಹೇಳುವವರು ಸಿಕ್ಕಿಲ್ಲ, ಅಷ್ಟೆ.

ಅಮಾಂಗ್ ಅಸ್ ಗೊತ್ತಲ್ವಾ? ಅದು ಬಂದದ್ದು 2018ರಲ್ಲಿ. ಎರಡು ವರ್ಷ ಅದರ ಸುದ್ದಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. 2020ರಲ್ಲಿ ಆನ್‌ಲೈನ್‌ನಲ್ಲಿ ಆಡಿ ತೋರಿಸುವವರು ಸಿಕ್ಕಿದರು, ಆಮೇಲೆ ಆಡದವರೇ ಇಲ್ಲ ಅನ್ನುವ ಹಾಗಾಯಿತು. ಗೇಮ್ ಹೆಚ್ಚುಕಡಿಮೆ ಅದೇ ಆಗಿತ್ತು.

ಹುಡುಕುವವರಿಗೆ ನನ್ನ ಸಲಹೆ ಒಂದೇ. "ಟಾಪ್ 10" ಪಟ್ಟಿಗಳನ್ನು ಪಕ್ಕಕ್ಕಿಟ್ಟು, ಗೇಮ್ ಮಾಡಿದ ಮನುಷ್ಯರ ಜಾಡು ಹಿಡಿಯಿರಿ. ಆಡಿದ ಮೇಲೆ ನಿಮಗೆ ಏನಾಯಿತು ಅನ್ನುವುದನ್ನು ಬರೆಯಿರಿ. ಎರಡನ್ನೂ ಮಾಡುವ ಬಗೆ ಇಲ್ಲಿದೆ.

ಹೆಜ್ಜೆ 1: ನಿಮಗೆ ಹಿಡಿಸಿದ್ದು ಏನು ಅಂತ ಬಿಡಿಸಿ ನೋಡಿ

"ನನಗೆ ಪಝಲ್ ಗೇಮ್ ಇಷ್ಟ" ಅಂತ ಹುಡುಕಲು ಹೊರಟರೆ ಸಾವಿರಾರು ಗೇಮ್‌ಗಳು ಎದುರು ಬರುತ್ತವೆ, ತಲೆ ಕೆಡುತ್ತದೆ. ಅದರ ಬದಲು, ಆಡಿ ಬಹಳ ದಿನ ಆದರೂ ಮನಸ್ಸಿನಲ್ಲಿ ಉಳಿದಿರುವ ಎರಡು ಮೂರು ಗೇಮ್ ನೆನಪು ಮಾಡಿಕೊಳ್ಳಿ. ಒಂದೊಂದರಲ್ಲೂ ಯಾವ ಗಳಿಗೆ ಹಿಡಿಸಿತು ಅಂತ ಒಂದೊಂದು ಸಾಲು ಬರೆಯಿರಿ. "ಆಟದ ನಿಯಮವನ್ನೇ ಬದಲಾಯಿಸಿ ಗೋಡೆ ದಾಟಿದೆ." "ಯಾರೂ ಅವಸರ ಮಾಡದೆ ಸುಮ್ನೆ ಓಡಾಡಲು ಬಿಟ್ಟರು." "ಯಾರು ಹೇಗೆ ಸತ್ತರು ಅಂತ ನಾನೇ ತರ್ಕ ಮಾಡಿ ಕಂಡುಹಿಡಿದೆ."

ಈ ಸಾಲುಗಳು ನಿಮಗೆ ದಿಕ್ಕು ತೋರಿಸುತ್ತವೆ. ಸ್ಟೀಮ್‌ನಲ್ಲಿ ಗೇಮ್‌ಗಳಿಗೆ ಆಡುವವರೇ ಟ್ಯಾಗ್, ಅಂದರೆ ಗೇಮ್‌ನ ಬಗೆ ಹೇಳುವ ಗುರುತಿನ ಪದ, ಹಾಕುವ ವ್ಯವಸ್ಥೆ 2014ರಿಂದ ಇದೆ. ಒಂದೇ ಟ್ಯಾಗ್ ಒತ್ತಿದರೆ ದೊಡ್ಡ ಗೇಮ್‌ಗಳೇ ಮೇಲೆ ಬರುತ್ತವೆ. ಎರಡು ಮೂರು ಟ್ಯಾಗ್ ಒಟ್ಟಿಗೆ ಹಾಕಿ, ಬಿಡುಗಡೆ ದಿನಾಂಕದ ಪ್ರಕಾರ ಜೋಡಿಸಿ ನೋಡಿ. ಆಗ ಯಾರೂ ಮುಟ್ಟದ ಪುಟಗಳು ಕಾಣಲು ಶುರುವಾಗುತ್ತವೆ.

ಸಮಯವನ್ನೂ ಯೋಚಿಸಿ. ನಿಮಗೆ ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗುವುದಾದರೆ 40 ಗಂಟೆಯ ಗೇಮ್ ಹುಡುಕಿ ಪ್ರಯೋಜನ ಇಲ್ಲ. ಸಣ್ಣ ಇಂಡೀ ಗೇಮ್‌ಗಳ ದೊಡ್ಡ ಅನುಕೂಲವೇ ಇದು. ಹತ್ತು ನಿಮಿಷದಲ್ಲಿ ಮುಗಿಯುವವು ಎಷ್ಟೋ ಇವೆ. ಹಳೇ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲೇ ಓಡುವವೂ ಇವೆ.

ಹೆಜ್ಜೆ 2: ಮಾಡಿದವರ ಜಾಡು ಹಿಡಿಯಿರಿ

ನನಗೆ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟ ದಾರಿ ಇದು. ನಿಮಗೆ ಇಷ್ಟವಾದ ಹೆಸರುವಾಸಿ ಇಂಡೀ ಗೇಮ್ ಒಂದನ್ನು ತೆಗೆದುಕೊಳ್ಳಿ. ಅದನ್ನು ಮಾಡಿದವರು ಅದಕ್ಕೂ ಮುಂಚೆ ಏನು ಮಾಡಿದ್ದರು ಅಂತ ಹುಡುಕಿ.

ಲ್ಯೂಕಸ್ ಪೋಪ್ ಅವರ ಪೇಪರ್ಸ್, ಪ್ಲೀಸ್ 2013ರಲ್ಲಿ ಬಂತು. ಗಡಿಯಲ್ಲಿ ಕೂತು ಪಾಸ್‌ಪೋರ್ಟ್ ತಪಾಸಣೆ ಮಾಡುವ ಆ ಗೇಮ್ ಬಹಳ ಜನಕ್ಕೆ ಗೊತ್ತು. ಅದರ ಹಿಂದಿನ ವರ್ಷ, 2012ರ ಏಪ್ರಿಲ್‌ನಲ್ಲಿ, ಅವರು ಲುಡಮ್ ಡೇರ್ ಅನ್ನುವ ಗೇಮ್ ಜ್ಯಾಮ್‌ಗಾಗಿ (ಎರಡು ಮೂರು ದಿನದಲ್ಲಿ ಗೇಮ್ ಮಾಡುವ ಕೂಟ) ದಿ ರಿಪಬ್ಲಿಯಾ ಟೈಮ್ಸ್ ಅನ್ನುವ ಪುಟ್ಟ ಗೇಮ್ ಮಾಡಿದ್ದರು. ಅದು ಬ್ರೌಸರ್‌ನಲ್ಲಿ ಆಡುವ ಪುಕ್ಕಟೆ ಗೇಮ್. ಅದನ್ನು ಆಡಿದರೆ ಪೇಪರ್ಸ್, ಪ್ಲೀಸ್‌ನ ಬೇರು ಎಲ್ಲಿದೆ ಅಂತ ಗೊತ್ತಾಗುತ್ತದೆ.

ಇಂಥ ಜಾಡು ಬಹಳ ಕಡೆ ಸಿಗುತ್ತದೆ. 2018ರ ಸೆಲೆಸ್ಟ್, ಮೊದಲು ಪಿಕೋ-8 ಅನ್ನುವ ಗೇಮ್ ಮಾಡುವ ಉಪಕರಣದಲ್ಲಿ ನಾಲ್ಕೇ ದಿನದಲ್ಲಿ ಮಾಡಿದ ಪುಟ್ಟ ಗೇಮ್ ಆಗಿತ್ತು. ಅದನ್ನು ಇವತ್ತಿಗೂ ಪುಕ್ಕಟೆ ಆಡಬಹುದು. ಹಾಲೋ ನೈಟ್ ಮಾಡಿದವರು 2013ರಲ್ಲಿ ಒಂದು ಜ್ಯಾಮ್‌ಗೆ ಹಂಗ್ರಿ ನೈಟ್ ಅನ್ನುವುದನ್ನು ಮಾಡಿದ್ದರು. ಬಾಬಾ ಈಸ್ ಯೂ ಹುಟ್ಟಿದ್ದು 2017ರ ನಾರ್ಡಿಕ್ ಗೇಮ್ ಜ್ಯಾಮ್‌ನಲ್ಲಿ. ಅದನ್ನು ಮಾಡಿದ ಆರ್ವಿ ಟೈಕಾರಿ ಹೆಂಪುಲಿ ಅನ್ನುವ ಹೆಸರಿನಲ್ಲಿ ಪುಟ್ಟ ಪುಟ್ಟ ಪಝಲ್‌ಗಳನ್ನು ಮಾಡುತ್ತಲೇ ಇರುತ್ತಾರೆ. ಇಚ್‌ನಲ್ಲಿ ಅವರ ಪುಟಕ್ಕೆ ಹೋದರೆ ಒಂದು ವಾರಾಂತ್ಯ ಕಳೆದುಹೋಗುತ್ತದೆ.

ಇನ್ನೊಂದು ಕೆಲಸ ಮಾಡಿ. ಗೇಮ್ ಮುಗಿದ ಮೇಲೆ ಬರುವ ಹೆಸರುಗಳನ್ನು ಎದ್ದು ಹೋಗದೆ ಓದಿ. ಸಂಗೀತ ಯಾರದು, ಚಿತ್ರ ಯಾರದು, ಕೊನೆಯಲ್ಲಿ ಯಾರಿಗೆ ಥ್ಯಾಂಕ್ಸ್ ಹೇಳಿದ್ದಾರೆ? ಥ್ಯಾಂಕ್ಸ್ ಪಟ್ಟಿಯಲ್ಲಿ ಇರುವವರಲ್ಲಿ ಎಷ್ಟೋ ಜನ ಸ್ವತಃ ಗೇಮ್ ಮಾಡುವವರು. ಗೇಮ್ ಅರ್ಧಂಬರ್ಧ ಇದ್ದಾಗ ಆಡಿ ಸಲಹೆ ಕೊಟ್ಟವರು ಅವರೇ. ಒಂದೊಂದು ಹೆಸರನ್ನೂ ಇಚ್‌ನಲ್ಲಿ ಹಾಕಿ ಹುಡುಕಿ. ಅಭಿರುಚಿ ಹೊಂದುವ ಜನ ಒಬ್ಬರನ್ನೊಬ್ಬರು ಬಲ್ಲರು. ಯಾವ ಅಲ್ಗಾರಿದಮ್ಮೂ ಇಷ್ಟು ಚೆನ್ನಾಗಿ ಶಿಫಾರಸು ಮಾಡುವುದಿಲ್ಲ.

ಆಡುವವರ ಜಾಡೂ ಇದೆ. ನಿಮಗೆ ಹಿಡಿಸಿದ ಗೇಮ್‌ನ ಕೆಳಗೆ ವಿಚಾರ ಮಾಡಿ ಬರೆದ ಕಾಮೆಂಟ್ ಕಂಡರೆ, ಆ ವ್ಯಕ್ತಿಯ ಪ್ರೊಫೈಲ್ ತೆರೆಯಿರಿ. ಇಚ್‌ನಲ್ಲಿ ಬಹಳ ಜನ ತಮಗೆ ಇಷ್ಟವಾದ ಗೇಮ್‌ಗಳ ಕಲೆಕ್ಷನ್ ಮಾಡಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಿರುತ್ತಾರೆ.

ಹೆಜ್ಜೆ 3: ಗೇಮ್ ಜ್ಯಾಮ್‌ಗಳ ಒಳಗೆ ಇಳಿಯಿರಿ

ಗೇಮ್ ಜ್ಯಾಮ್ ಅಂದರೆ ಒಂದು ವಿಷಯ ಕೊಟ್ಟು, ಎರಡು ಮೂರು ದಿನದಲ್ಲಿ ಗೇಮ್ ಮಾಡಿ ಮುಗಿಸಿ ಅನ್ನುವ ಕೂಟ. ಲುಡಮ್ ಡೇರ್ 2002ರಿಂದ ನಡೆದು ಬಂದಿದೆ. ಗ್ಲೋಬಲ್ ಗೇಮ್ ಜ್ಯಾಮ್ 2009ರಲ್ಲಿ, ಗೇಮ್ ಮೇಕರ್ಸ್ ಟೂಲ್‌ಕಿಟ್ ಅನ್ನುವ ಯೂಟ್ಯೂಬ್ ಚಾನೆಲ್‌ನ ಜಿಎಮ್‌ಟಿಕೆ ಜ್ಯಾಮ್ 2017ರಲ್ಲಿ ಶುರುವಾದವು. ಒಂದೊಂದರಲ್ಲೂ ಸಾವಿರಾರು ಗೇಮ್‌ಗಳು ಬರುತ್ತವೆ.

ಮೊದಲ ಹತ್ತು ಸ್ಥಾನ ಬಂದವನ್ನು ಎಲ್ಲರೂ ಆಡುತ್ತಾರೆ. ನೀವು ಅಲ್ಲಿಂದ ಕೆಳಗೆ ಇಳಿಯಿರಿ. ಲುಡಮ್ ಡೇರ್‌ನಲ್ಲಿ ಒಟ್ಟಾರೆ ಅಂಕದ ಜೊತೆಗೆ ಮಜಾ, ಹೊಸತನ, ಚಿತ್ರ, ಸದ್ದು, ಹಾಸ್ಯ, ಮೂಡ್ ಅಂತ ಬೇರೆ ಬೇರೆ ಅಂಕಗಳಿವೆ. ಹೊಸತನದಲ್ಲಿ ಮೇಲಿದ್ದು, ಒಟ್ಟಾರೆ ಪಟ್ಟಿಯಲ್ಲಿ ಕೆಳಗಿರುವ ಗೇಮ್‌ಗಳನ್ನು ಆರಿಸಿ. ಅವುಗಳ ಚಿತ್ರ ಒರಟಾಗಿರಬಹುದು, ಸದ್ದೇ ಇಲ್ಲದಿರಬಹುದು. ಆದರೆ ಬೇರೆ ಎಲ್ಲೂ ಕಾಣದ ಒಂದು ಯೋಚನೆ ಅಲ್ಲಿರುತ್ತದೆ. ಅಂಥದ್ದು ಸಿಕ್ಕಾಗ ಆಗುವ ಖುಷಿಗೆ ಸಾಟಿ ಇಲ್ಲ.

ಇಚ್‌ನಲ್ಲಿ ಯಾರು ಬೇಕಾದರೂ ಜ್ಯಾಮ್ ನಡೆಸಬಹುದು. ಹಾಗಾಗಿ ಹತ್ತಿಪ್ಪತ್ತು ಗೇಮ್ ಮಾತ್ರ ಬರುವ ಪುಟ್ಟ ಜ್ಯಾಮ್‌ಗಳೂ ಇವೆ. ಒಂದು ಜ್ಯಾಮ್‌ನ ಎಲ್ಲಾ ಗೇಮ್‌ಗಳನ್ನೂ ಆಡಿ ಮುಗಿಸಬೇಕು ಅಂತಿದ್ದರೆ ಇವೇ ಸರಿ. ಒಂದೇ ವಿಷಯವನ್ನು ಬೇರೆ ಬೇರೆ ಜನ ಹೇಗೆ ಹಿಡಿದರು ಅಂತ ಪಕ್ಕಪಕ್ಕ ಇಟ್ಟು ನೋಡಬಹುದು.

ಓದು ಇಷ್ಟಪಡುವವರಿಗೆ ಇಂಟರ‍್ಯಾಕ್ಟಿವ್ ಫಿಕ್ಷನ್ ಕಾಂಪಿಟಿಷನ್ ಇದೆ. ಅಕ್ಷರವೇ ಮುಖ್ಯವಾದ ಗೇಮ್‌ಗಳ ಈ ಸ್ಪರ್ಧೆ 1995ರಿಂದ ಪ್ರತಿವರ್ಷ ನಡೆಯುತ್ತಿದೆ. ಅಂಕ ಕೊಡುವವರು ಸಾಮಾನ್ಯ ಓದುಗರೇ. ಕನಿಷ್ಠ ಐದು ಗೇಮ್‌ಗೆ ಅಂಕ ಕೊಡಬೇಕು, ಒಂದೊಂದಕ್ಕೂ ಮೊದಲ ಎರಡು ಗಂಟೆಯ ಆಟದ ಮೇಲೆಯೇ ಅಂಕ ಹಾಕಬೇಕು. ಅಭಿಪ್ರಾಯ ಹೇಳುವುದನ್ನು ರೂಢಿ ಮಾಡಿಕೊಳ್ಳಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಗರಡಿ ಇಲ್ಲ.

ಹೆಜ್ಜೆ 4: ಉಪಕರಣದ ಹೆಸರು ಹಿಡಿದು ಹುಡುಕಿ, ಉತ್ಸವ ತಪ್ಪಿಸಿಕೊಳ್ಳಬೇಡಿ

ಕೆಲವು ಉಪಕರಣಗಳು ಪುಟ್ಟ ಗೇಮ್ ಮಾಡಲೆಂದೇ ಇವೆ. ಪಿಕೋ-8 ಅನ್ನುವುದರಲ್ಲಿ ಪರದೆ ಬರೀ 128×128 ಪಿಕ್ಸೆಲ್, ಬಣ್ಣ 16. ಬಿಟ್ಸಿಯಲ್ಲಿ ಪುಟ್ಟ ಕೋಣೆಗಳಲ್ಲಿ ಓಡಾಡಿ ಮಾತಾಡುವ ಗೇಮ್ ಮಾಡಬಹುದು. ಪಝಲ್‌ಸ್ಕ್ರಿಪ್ಟ್ 2013ರಲ್ಲಿ ಬಂತು, ತಳ್ಳಿ ಜರುಗಿಸುವ ಪಝಲ್‌ಗಳಿಗೆ ಹೇಳಿಮಾಡಿಸಿದ್ದು. ಟ್ವೈನ್‌ನಲ್ಲಿ ಓದುತ್ತಾ ದಾರಿ ಆರಿಸುವ ಕಥೆಗಳು. ಇವುಗಳಲ್ಲಿ ಮಾಡಿದ ಬಹುಪಾಲು ಗೇಮ್‌ಗಳು ಬ್ರೌಸರ್‌ನಲ್ಲೇ ಓಡುತ್ತವೆ. ಉಪಕರಣದ ಹೆಸರನ್ನೇ ಟ್ಯಾಗ್ ಮಾಡಿ ಹುಡುಕಿದರೆ ಒಂದು ಸಂಜೆಯಲ್ಲಿ ಐದಾರು ಗೇಮ್ ನೋಡಬಹುದು.

ಪ್ರಶಸ್ತಿಗಳ ವಿಷಯ. ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್ 1999ರಿಂದ ಪ್ರಶಸ್ತಿ ಕೊಡುತ್ತಿದೆ. ಗೆದ್ದವು ಹೇಗೂ ಗೊತ್ತಾಗುತ್ತವೆ. ಅಂತಿಮ ಸುತ್ತಿಗೆ ಬಂದವು, ಅದರಾಚೆ ಮೆಚ್ಚುಗೆಗೆ ಪಾತ್ರವಾದವು ಅಂತ ಬೇರೆ ಪಟ್ಟಿಗಳಿರುತ್ತವೆ. ಹಳೇ ವರ್ಷಗಳ ಆ ಪಟ್ಟಿಗಳನ್ನು ತೆಗೆದು ನೋಡಿ. ನುವೋವೊ ಅನ್ನುವ ವಿಭಾಗವನ್ನಂತೂ ಬಿಡಬೇಡಿ, ಮಾಮೂಲಿ ಅಚ್ಚಿಗೆ ಸಿಗದ ಗೇಮ್‌ಗಳು ಅಲ್ಲಿರುತ್ತವೆ.

ಸ್ಟೀಮ್ ನೆಕ್ಸ್ಟ್ ಫೆಸ್ಟ್ ಫೆಬ್ರವರಿ, ಜೂನ್, ಅಕ್ಟೋಬರ್‌ನಲ್ಲಿ ಒಂದೊಂದು ವಾರ ನಡೆಯುತ್ತದೆ. ಇನ್ನೂ ಬಿಡುಗಡೆ ಆಗದ ಗೇಮ್‌ಗಳ ಡೆಮೊ ಪುಕ್ಕಟೆ. ಅಲ್ಲೂ ಕಣ್ಣಿಗೆ ಬೀಳುವುದು ಹೆಚ್ಚಾಗಿ ಜಾಸ್ತಿ ಜನ ಆಡಿದ್ದೇ. ನಿಮ್ಮ ಟ್ಯಾಗ್ ಹಾಕಿ, ನಾಲ್ಕೈದು ಡೆಮೊ ಆರಿಸಿಕೊಂಡು, ಅವನ್ನು ನೆಟ್ಟಗೆ ಆಡಿ. 30 ಡೆಮೊ ಇಳಿಸಿಕೊಂಡು ಒಂದೊಂದಕ್ಕೆ ಮೂರು ನಿಮಿಷ ಕೊಟ್ಟರೆ ಕೊನೆಗೆ ಒಂದೂ ನೆನಪಿರುವುದಿಲ್ಲ. ಕೆಲವು ಡೆಮೊಗಳನ್ನು ಉತ್ಸವ ಮುಗಿದ ಕೂಡಲೇ ತೆಗೆದುಬಿಡುತ್ತಾರೆ, ನಾಳೆ ನೋಡೋಣ ಅನ್ನಬೇಡಿ. ಇಷ್ಟವಾದರೆ ವಿಶ್‌ಲಿಸ್ಟ್‌ಗೆ ಹಾಕಿ. ಗೇಮ್ ಬಂದಾಗ ನಿಮಗೆ ಸುದ್ದಿ ಬರುತ್ತದೆ, ಮಾಡಿದವರಿಗೂ ಕಾಯುವವರು ಇದ್ದಾರೆ ಅಂತ ಗೊತ್ತಾಗುತ್ತದೆ.

ಹಿಂದಕ್ಕೂ ಹೋಗಬಹುದು. ಬ್ರೌಸರ್ ಗೇಮ್‌ಗಳನ್ನು ಓಡಿಸುತ್ತಿದ್ದ ಫ್ಲ್ಯಾಶ್ ಅನ್ನುವ ಸಾಫ್ಟ್‌ವೇರ್ 2020ರ ಕೊನೆಗೆ ನಿಂತಾಗ ಒಂದು ಇಡೀ ಕಾಲದ ಗೇಮ್‌ಗಳು ಬ್ರೌಸರ್‌ನಿಂದ ಮಾಯವಾದವು. ಫ್ಲ್ಯಾಶ್‌ಪಾಯಿಂಟ್ ಅನ್ನುವ ಯೋಜನೆಯವರು ಲಕ್ಷಕ್ಕೂ ಹೆಚ್ಚು ಗೇಮ್ ಮತ್ತು ಅನಿಮೇಷನ್‌ಗಳನ್ನು ಉಳಿಸಿ ಇಟ್ಟಿದ್ದಾರೆ. ಇದು ದೊಡ್ಡ ಉಪಕಾರ.

2020ರ ಜೂನ್‌ನಲ್ಲಿ ಇಚ್‌ನಲ್ಲಿ ಜನಾಂಗೀಯ ನ್ಯಾಯಕ್ಕಾಗಿ ಒಂದು ಬಂಡಲ್ ಬಂದಿತ್ತು. ಕನಿಷ್ಠ 5 ಡಾಲರ್‌ಗೆ 1,700ಕ್ಕೂ ಹೆಚ್ಚು ಗೇಮ್, ಪುಸ್ತಕ, ಉಪಕರಣಗಳು. ಆಗ ಕೊಂಡವರು ನೀವಾಗಿದ್ದರೆ ಹೊಸದಾಗಿ ಏನೂ ಹುಡುಕಬೇಕಿಲ್ಲ. ನಿಮ್ಮ ಅಕೌಂಟ್‌ನಲ್ಲೇ ತೆರೆಯದ ಗೇಮ್‌ಗಳು ರಾಶಿ ಬಿದ್ದಿವೆ.

ಹೆಜ್ಜೆ 5: ಇಳಿಸಿಕೊಳ್ಳುವ ಮುಂಚೆ ಪುಟ ಓದಿ

ಟ್ರೇಲರ್‌ನಲ್ಲಿ ಮೊದಲ ಕೆಲವು ಸೆಕೆಂಡು ಬರೀ ಹೆಸರು, ಹೊಗೆ, ಸಂಗೀತ. ಅದನ್ನು ದಾಟಿಸಿ, ಆಡುವಾಗ ಪರದೆ ನಿಜಕ್ಕೂ ಹೇಗಿರುತ್ತದೆ ಅಂತ ತೋರಿಸುವ ಭಾಗ ನೋಡಿ. ಹಾಗೊಂದು ಭಾಗವೇ ಇಲ್ಲದಿದ್ದರೆ ಸ್ಕ್ರೀನ್‌ಶಾಟ್ ನೋಡಿ. ಅಲ್ಲೂ ಇಲ್ಲದಿದ್ದರೆ ಬಿಟ್ಟುಬಿಡಿ.

ಸ್ಟೀಮ್‌ನ ಅಂಕದ ಹಣೆಪಟ್ಟಿ ಓದುವ ಬಗೆ ಬಹಳ ಜನಕ್ಕೆ ಗೊತ್ತಿಲ್ಲ. ಹತ್ತು ರಿವ್ಯೂ ಆಗುವವರೆಗೆ ಗೇಮ್‌ಗೆ ಹಣೆಪಟ್ಟಿಯೇ ಬರುವುದಿಲ್ಲ. "ವೆರಿ ಪಾಸಿಟಿವ್" ಸಿಗಬೇಕಾದರೆ ಕನಿಷ್ಠ 50 ರಿವ್ಯೂ ಇರಬೇಕು. "ಓವರ್‌ವೆಲ್ಮಿಂಗ್ಲಿ ಪಾಸಿಟಿವ್" ಬೇಕಾದರೆ 500 ರಿವ್ಯೂ, ಅದರಲ್ಲಿ ನೂರಕ್ಕೆ 95 ಮೆಚ್ಚುಗೆ. ಹಾಗಾಗಿ 20 ರಿವ್ಯೂ ಇದ್ದು ಬರೀ "ಪಾಸಿಟಿವ್" ಅಂತ ಕಂಡರೆ ಸಾಧಾರಣ ಗೇಮ್ ಅಂತ ತಿಳಿಯಬೇಡಿ. ಇಪ್ಪತ್ತಕ್ಕೆ ಇಪ್ಪತ್ತೂ ಜನ ಮೆಚ್ಚಿದ್ದರೂ ಅಲ್ಲಿ ಕಾಣುವುದು ಅಷ್ಟೇ.

ದುಡ್ಡು ಕೊಟ್ಟು ತೆಗೆದುಕೊಂಡು ಹಿಡಿಸದಿದ್ದರೆ, ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ವಾಪಸ್ ಕೊಡುತ್ತದೆ. ಹೊಸದನ್ನು ಧೈರ್ಯವಾಗಿ ನೋಡಲು ಇದು ಒಳ್ಳೆಯ ಅನುಕೂಲ. ಆದರೆ ಒಂದೂವರೆ ಗಂಟೆಯ ಗೇಮ್ ಅನ್ನು ಪೂರ್ತಿ ಆಡಿ, ಖುಷಿಪಟ್ಟು, ಆಮೇಲೆ ಹಣ ವಾಪಸ್ ಕೇಳುವುದು ಸರಿಯಲ್ಲ. ಚಿಕ್ಕದಾಗಿ, ಬಿಗಿಯಾಗಿ ಮಾಡಿದ್ದಕ್ಕೆ ಅವರಿಗೆ ಶಿಕ್ಷೆ ಕೊಟ್ಟ ಹಾಗಾಗುತ್ತದೆ.

ಒಂದು ಎಚ್ಚರಿಕೆ. ಗುರುತಿಲ್ಲದವರು ಮೆಸೇಜ್ ಮಾಡಿ "ನನ್ನ ಗೇಮ್ ಟೆಸ್ಟ್ ಮಾಡಿ ಹೇಳಿ" ಅಂತ ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್ ಕಳಿಸಿದರೆ ಅದನ್ನು ತೆರೆಯಲೇಬೇಡಿ. ಅಕೌಂಟ್ ಕದಿಯುವವರು ಬಳಸುವ ಹಳೇ ಉಪಾಯ ಅದು. ಇಚ್‌ನಲ್ಲೂ ಮೊದಲು ಬ್ರೌಸರ್‌ನಲ್ಲಿ ಆಡುವುದನ್ನೇ ಆರಿಸಿ. ಇಳಿಸಿಕೊಳ್ಳಲೇಬೇಕಾದರೆ ಆ ಅಕೌಂಟ್‌ನಲ್ಲಿ ಹಳೇ ಗೇಮ್‌ಗಳಿವೆಯೇ, ಕೆಳಗೆ ಆಡಿದವರ ಮಾತು ಇದೆಯೇ ನೋಡಿ. ಇಚ್‌ನ ಆ್ಯಪ್‌ನಲ್ಲಿ ಗೇಮ್ ಅನ್ನು ಕಂಪ್ಯೂಟರ್‌ನ ಉಳಿದ ಭಾಗದಿಂದ ಬೇರೆ ಇಟ್ಟು ಓಡಿಸುವ ಸ್ಯಾಂಡ್‌ಬಾಕ್ಸ್ ಆಯ್ಕೆ ಇದೆ, ಅದನ್ನು ಆನ್ ಮಾಡಿಕೊಳ್ಳಿ.

ಹೆಜ್ಜೆ 6: ಆಡುವಾಗ ಟಿಪ್ಪಣಿ ಮಾಡಿ

ಪುಟ್ಟ ಗೇಮ್ ಆದರೆ 15 ನಿಮಿಷ, ದೊಡ್ಡದಾದರೆ ಒಂದು ಗಂಟೆ ಪೂರ್ತಿ ಕೊಡಿ. ಆ ಹೊತ್ತಿನಲ್ಲಿ ಗೇಮ್ ಮುಗಿಸುವ ದಾರಿ ತೋರಿಸುವ ವಾಕ್‌ಥ್ರೂ ವಿಡಿಯೊ ಬೇಡ. ಫೋನ್ ಪಕ್ಕಕ್ಕಿಡಿ, ಹೆಡ್‌ಫೋನ್ ಹಾಕಿಕೊಳ್ಳಿ. ಸಣ್ಣ ಗೇಮ್‌ಗಳಲ್ಲಿ ಅರ್ಧ ವಿಷಯವನ್ನು ಸದ್ದೇ ಹೇಳುತ್ತದೆ.

ಟಿಪ್ಪಣಿಗೆ ಮೂರು ಪ್ರಶ್ನೆ ಸಾಕು. ನಾನು ಏನು ಮಾಡಲು ಹೋದೆ? ಏನಾಗುತ್ತದೆ ಅಂದುಕೊಂಡಿದ್ದೆ? ಏನಾಯಿತು? ನಿರೀಕ್ಷೆಗೂ ನಡೆದದ್ದಕ್ಕೂ ಎಲ್ಲಿ ವ್ಯತ್ಯಾಸ ಬಂತೋ ಅಲ್ಲೇ ಬರೆಯಲು ವಿಷಯ ಇರುತ್ತದೆ. ನಗು ಬಂದ ಕಡೆ, ಬೇಜಾರಾದ ಕಡೆ, ಎದ್ದು ಹೋಗೋಣ ಅನಿಸಿದ ಕಡೆ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ. ಸ್ಟೀಮ್‌ನಲ್ಲಾದರೆ ಎಫ್12 ಒತ್ತಿದರಾಯಿತು. ಆಡಿ ಎರಡು ದಿನ ಬಿಟ್ಟು ಬರೆಯಲು ಕೂತರೆ "ಚೆನ್ನಾಗಿತ್ತು" ಅನ್ನುವುದೊಂದೇ ನೆನಪಿರುತ್ತದೆ. ಆ ಚಿತ್ರಗಳು ಉಳಿದದ್ದನ್ನು ವಾಪಸ್ ತರುತ್ತವೆ.

ಹೆಜ್ಜೆ 7: ಬರೆಯುವುದು

ಹೆಸರುವಾಸಿ ಗೇಮ್ ಬಗ್ಗೆ ನೀವು "ಸೂಪರ್" ಅಂತ ಬರೆದರೆ ನಷ್ಟ ಏನಿಲ್ಲ, ಬೇರೆ ಸಾವಿರ ಜನ ವಿವರವಾಗಿ ಬರೆದಿರುತ್ತಾರೆ. ಯಾರಿಗೂ ಗೊತ್ತಿಲ್ಲದ ಗೇಮ್ ಬಗ್ಗೆ ನೀವು ಬರೆದ ಹತ್ತು ಸಾಲೇ ಅದರ ಬಗ್ಗೆ ಇರುವ ಒಂದೇ ದಾಖಲೆ ಆಗಿರಬಹುದು. ಹಾಗಾಗಿ ಕಾಳಜಿಯಿಂದ ಬರೆಯಬೇಕು.

ಮೊದಲು ಆ ಗೇಮ್‌ನಲ್ಲಿ ಕೈ ಏನು ಮಾಡುತ್ತದೆ ಅಂತ ಹೇಳಿ. ಇದನ್ನೇ ಬಹಳ ಜನ ಮರೆಯುತ್ತಾರೆ. ಕಥೆ, ವಾತಾವರಣ, ಸಂಗೀತ ಎಲ್ಲಾ ಹೊಗಳುತ್ತಾರೆ, ಓಡುವುದೋ ಓದುವುದೋ ಜೋಡಿಸುವುದೋ ಅಂತ ಮಾತ್ರ ಗೊತ್ತಾಗುವುದಿಲ್ಲ. ಆಮೇಲೆ ಒಂದೇ ಒಂದು ಗಳಿಗೆಯನ್ನು ಹತ್ತಿರದಿಂದ ತೋರಿಸಿ.

ದಿ ರಿಪಬ್ಲಿಯಾ ಟೈಮ್ಸ್ ಬಗ್ಗೆಯೇ ನೋಡಿ. "ಸರ್ವಾಧಿಕಾರದ ಬಗ್ಗೆ ಯೋಚನೆಗೆ ಹಚ್ಚುವ ಅದ್ಭುತ ಗೇಮ್" ಅಂತ ಬರೆಯಬಹುದು. ಸುಳ್ಳಲ್ಲ. ಆದರೆ ಇಂಥ ಸಾಲನ್ನು ನೂರು ಗೇಮ್‌ಗೆ ಅಂಟಿಸಬಹುದು. ನಾನು ಬರೆದರೆ ಹೀಗೆ ಬರೆಯುತ್ತೇನೆ:

"ನೀವು ಸರ್ಕಾರಿ ಪತ್ರಿಕೆಯೊಂದರ ಸಂಪಾದಕರು. ಸುದ್ದಿಗಳು ಒಂದೊಂದಾಗಿ ಬರುತ್ತಿರುತ್ತವೆ. ಯಾವುದನ್ನು ಪುಟಕ್ಕೆ ಎಳೆದು ಹಾಕಬೇಕು, ಚಿಕ್ಕದಾಗಿಯೋ ದೊಡ್ಡದಾಗಿಯೋ ಅನ್ನುವುದಷ್ಟೇ ನಿಮ್ಮ ಕೆಲಸ. ದಿನ ಮುಗಿಯುವ ಮುಂಚೆ ಪುಟ ತುಂಬಬೇಕು. ಸರ್ಕಾರವನ್ನು ಹೊಗಳುವ ಸುದ್ದಿ ಹಾಕಿದರೆ ಜನರ ನಿಷ್ಠೆ ಏರುತ್ತದೆ, ಆದರೆ ಓದುಗರನ್ನು ಎಳೆಯುವುದು ಆಟೋಟ, ತಾರೆಯರ ಸುದ್ದಿ. ನಿಮ್ಮ ಹೆಂಡತಿ, ಮಗು ಸರ್ಕಾರದ ಕೈಯಲ್ಲಿದ್ದಾರೆ. ಸ್ವಲ್ಪ ಹೊತ್ತಿನಲ್ಲೇ ನಾನು ಸುದ್ದಿಯನ್ನು ಪೂರ್ತಿ ಓದುವುದನ್ನೇ ಬಿಟ್ಟಿದ್ದೆ. ಇದು ಸರ್ಕಾರದ ಪರವೋ ವಿರುದ್ಧವೋ ಅಂತ ಮಾತ್ರ ನೋಡಿ ಎಳೆದು ಹಾಕುತ್ತಿದ್ದೆ. ಹಾಗೆ ಮಾಡುತ್ತಿದ್ದೇನೆ ಅಂತ ಗೊತ್ತಾದಾಗ ಬೆಚ್ಚಿದೆ. ಆಮೇಲೆ ಒಂದು ತಿರುವು ಇದೆ, ಅದನ್ನು ಹೇಳುವುದಿಲ್ಲ. ಬ್ರೌಸರ್‌ನಲ್ಲಿ, ಪುಕ್ಕಟೆ, ಒಂದೇ ಸಲ ಕೂತು ಮುಗಿಸಬಹುದು. ಇಂಗ್ಲಿಷ್ ವಾಕ್ಯಗಳನ್ನು ಬೇಗ ಓದಬೇಕಾಗುತ್ತದೆ."

ಇದರಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಆದರೂ ಓದಿದವರಿಗೆ ಆಡಬೇಕೋ ಬೇಡವೋ ಅಂತ ತೀರ್ಮಾನ ಮಾಡಲು ಬೇಕಾದದ್ದೆಲ್ಲಾ ಇದೆ. ತಿರುವು ಇದೆ ಅಂತ ಹೇಳಿದ್ದೇನೆ, ಏನು ಅಂತ ಹೇಳಿಲ್ಲ. ಇದಕ್ಕಿಂತ ಹೆಚ್ಚು ಹೇಳಲೇಬೇಕು ಅನಿಸಿದರೆ ಸ್ಪಾಯ್ಲರ್ ಅಂತ ಗುರುತು ಹಾಕಿ ಮುಚ್ಚಿಡಿ, ಸ್ಟೀಮ್ ರಿವ್ಯೂನಲ್ಲಿ ಅದಕ್ಕೆ ಅವಕಾಶ ಇದೆ. ಅರ್ಧ ಗಂಟೆಯ ಗೇಮ್‌ನಲ್ಲಿ ಒಂದು ಗುಟ್ಟು ಬಿಟ್ಟುಕೊಟ್ಟರೆ ಪೂರ್ತಿ ಗೇಮ್ ಬಿಟ್ಟುಕೊಟ್ಟ ಹಾಗೆ.

ಹೋಲಿಕೆ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. "ಅದೂ ಇದೂ ಸೇರಿದ ಹಾಗಿದೆ" ಅಂತ ಎರಡು ದೊಡ್ಡ ಗೇಮ್‌ಗಳ ಹೆಸರು ಹೇಳಿ ಮುಗಿಸಬೇಡಿ. ಓದಿದವರು ಆ ದೊಡ್ಡ ಗೇಮ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರುತ್ತಾರೆ, ನಿರಾಸೆಯಾಗುತ್ತಾರೆ. "ಒಬ್ಬರೇ ಮಾಡಿದ್ದು, ಪಾಪ" ಅನ್ನುವ ಕರುಣೆಯೂ ಬೇಡ. ಒಬ್ಬರೇ ಮಾಡಿದ್ದು ಅನ್ನುವುದು ಒಂದು ಸಂಗತಿ, ಗುಣವನ್ನು ಗೇಮೇ ಹೇಳಬೇಕು. ಹತ್ತಕ್ಕೆ ಇಷ್ಟು ಅಂತ ಅಂಕವೂ ಬೇಡ ಅಂತಲೇ ನಾನು ಹೇಳುವುದು. ಹದಿನೈದು ನಿಮಿಷದ ಬಿಟ್ಸಿ ಗೇಮ್‌ಗೂ, ಮೂರು ವರ್ಷ ಕೂತು ಮಾಡಿದ ಗೇಮ್‌ಗೂ ಒಂದೇ ಅಳತೆಕೋಲು ಹಿಡಿದರೆ ಏನು ಗೊತ್ತಾಗುತ್ತದೆ?

ಯಾರಿಗೆ ಹಿಡಿಸುತ್ತದೆ ಅನ್ನುವುದರ ಜೊತೆಗೆ ಯಾರಿಗೆ ಹಿಡಿಸುವುದಿಲ್ಲ ಅಂತಲೂ ಬರೆಯಿರಿ. ಅಕ್ಷರ ತೀರಾ ಸಣ್ಣದೇ, ಬಣ್ಣದಲ್ಲೇ ಗುರುತಿಸಬೇಕಾದ ಪಝಲ್ ಇದೆಯೇ, ಪರದೆ ಜೋರಾಗಿ ಮಿನುಗುತ್ತದೆಯೇ, ಕಂಟ್ರೋಲರ್ ಬೇಕೇ? ಮಾಡಿದವರು ಒಮ್ಮೊಮ್ಮೆ ಇದನ್ನು ಬರೆಯುವುದನ್ನು ಮರೆತಿರುತ್ತಾರೆ. ನೀವು ಬರೆದ ಒಂದು ಸಾಲು ಯಾರಿಗೋ ತಲೆನೋವು ತಪ್ಪಿಸುತ್ತದೆ.

ಇಷ್ಟವಾಗದಿದ್ದರೆ ಅದನ್ನೂ ನೇರವಾಗಿ ಹೇಳಿ. ಆದರೆ ಮೂರು ಬಗೆಯ ದೂರುಗಳನ್ನು ಬೇರೆ ಬೇರೆ ಇಡಿ. ಗೇಮ್ ನಿಂತುಹೋಯಿತು, ಸೇವ್ ಆಗಲಿಲ್ಲ, ಇದು ದೋಷ. ಏನು ಮಾಡಬೇಕು ಅಂತ ಎಲ್ಲೂ ಹೇಳದೆ ಸುತ್ತಾಡಿಸಿತು, ಇದು ರಚನೆಯ ಕೊರತೆ. ನನಗೆ ಅವಸರದ ಗೇಮ್ ಆಗಿಬರುವುದಿಲ್ಲ, ಇದು ನಿಮ್ಮ ರುಚಿ. ಮೂರನ್ನೂ ಕಲಸಿ "ಕೆಟ್ಟ ಗೇಮ್" ಅಂದರೆ ಆಡುವವರಿಗೂ ಉಪಯೋಗ ಇಲ್ಲ, ಮಾಡಿದವರಿಗೂ ಇಲ್ಲ. ಮುಗಿಸದೆ ಬಿಟ್ಟಿದ್ದರೆ ಎಲ್ಲಿಯವರೆಗೆ ಆಡಿದಿರಿ ಅಂತ ಹೇಳಿ. ಅದರಲ್ಲಿ ನಾಚಿಕೆ ಏನಿಲ್ಲ, ಎಲ್ಲಿ ಬಿಟ್ಟಿರಿ ಅನ್ನುವುದೂ ಒಂದು ಮಾಹಿತಿ.

ನಿಮಗೆ ಸಲೀಸಾದ ಭಾಷೆಯಲ್ಲೇ ಬರೆಯಿರಿ. ತಡವರಿಸುವ ಭಾಷೆಯಲ್ಲಿ ಬರೆದರೆ ಅನಿಸಿದ್ದು ಬಿಟ್ಟು ಬರೆಯಲು ಬಂದದ್ದು ಮಾತ್ರ ಉಳಿಯುತ್ತದೆ.

ಹೆಜ್ಜೆ 8: ಹೇಳಬೇಕಾದ ಕಡೆ ಹೇಳಿ

ಗೇಮ್ ಸ್ಟೀಮ್‌ನಲ್ಲಿದ್ದು ರಿವ್ಯೂ ಹತ್ತಕ್ಕಿಂತ ಕಡಿಮೆ ಇದ್ದರೆ ಮೊದಲು ಅಲ್ಲೇ ಬರೆಯಿರಿ. ಆ ಹತ್ತು ದಾಟಿಸುವುದು ಮಾಡಿದವರಿಗೆ ದೊಡ್ಡ ವಿಷಯ. ಒಂದು ನೆನಪಿರಲಿ, ಹೊರಗಿನಿಂದ ಸಿಕ್ಕ ಕೀ (ಗೇಮ್ ತೆರೆಯುವ ಕೋಡ್) ಹಾಕಿ ಆಡಿದವರ ರಿವ್ಯೂ ಕಾಣುತ್ತದೆ, ಆದರೆ ಅಂಕದ ಲೆಕ್ಕಕ್ಕೆ ಸೇರುವುದಿಲ್ಲ. ಅಲ್ಲೇ ದುಡ್ಡು ಕೊಟ್ಟು ಕೊಂಡವರ ಮಾತು ಮಾತ್ರ ಲೆಕ್ಕಕ್ಕೆ. ಗೇಮ್ ಪುಕ್ಕಟೆಯಾಗಿ ಸಿಕ್ಕಿದ್ದರೆ ಅದನ್ನು ತಿಳಿಸಲು ಒಂದು ಬಾಕ್ಸ್ ಇದೆ, ತಪ್ಪದೆ ಟಿಕ್ ಮಾಡಿ. ಮಾಡಿದವರು ನಿಮ್ಮ ಗೆಳೆಯರಾಗಿದ್ದರೆ ಮೊದಲ ಸಾಲಿನಲ್ಲೇ ಹೇಳಿಬಿಡಿ. ಮುಚ್ಚಿಟ್ಟ ಸ್ನೇಹ ಆಮೇಲೆ ಹೊರಬಿದ್ದರೆ ನಿಮ್ಮ ಹಳೇ ಬರಹಗಳನ್ನೂ ಯಾರೂ ನಂಬುವುದಿಲ್ಲ.

ಇಚ್‌ನಲ್ಲಾದರೆ ಗೇಮ್‌ನ ಪುಟದ ಕೆಳಗೆ ಕಾಮೆಂಟ್ ಹಾಕಿ. ಅಲ್ಲಿ ಮಾಡಿದವರೇ ಬಂದು ಉತ್ತರ ಕೊಡುವುದು ಸಾಮಾನ್ಯ. ದೋಷ ಸಿಕ್ಕಿದ್ದರೆ ಯಾವ ಕಂಪ್ಯೂಟರ್, ಯಾವ ಬ್ರೌಸರ್, ಅದಕ್ಕೂ ಮುಂಚೆ ಏನು ಒತ್ತಿದ್ದಿರಿ ಅಂತ ಬರೆಯಿರಿ. "ಕೆಲಸ ಮಾಡ್ತಿಲ್ಲ" ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ.

ಗೆಳೆಯರಿಗೆ ಹೇಳುವಾಗ ಹತ್ತು ಲಿಂಕ್ ಒಟ್ಟಿಗೆ ಗುಂಪಿಗೆ ಎಸೆಯಬೇಡಿ, ಒಂದನ್ನೂ ಯಾರೂ ತೆರೆಯುವುದಿಲ್ಲ. ಒಬ್ಬರಿಗೆ, ಒಂದೇ ಲಿಂಕ್, ಅವರಿಗೇ ಯಾಕೆ ಅನ್ನುವ ಒಂದು ಸಾಲಿನ ಜೊತೆ. "ನಿನಗೆ ನಕ್ಷೆ ಬಿಡಿಸುವ ಹುಚ್ಚು ಇದೆಯಲ್ವಾ, ಇದರಲ್ಲಿ ನಕ್ಷೆಯನ್ನು ನೀನೇ ಬರೆದುಕೊಳ್ಳಬೇಕು, ಇಪ್ಪತ್ತು ನಿಮಿಷ ಸಾಕು." ಹೀಗೆ ಕಳಿಸಿದ್ದನ್ನು ಜನ ಆಡುತ್ತಾರೆ.

ಪಕ್ಕದಲ್ಲಿ ಕೂರಿಸಿ ಆಡಿಸುವುದು ಇನ್ನೂ ಒಳ್ಳೆಯದು. ಕಂಟ್ರೋಲರ್ ಅವರ ಕೈಗೆ ಕೊಟ್ಟ ಮೇಲೆ ನೀವು ಮಾತಾಡಬೇಡಿ. "ಅಲ್ಲಿ ಹೋಗು, ಅದನ್ನು ಒತ್ತು" ಅನ್ನಲು ನಾಲಿಗೆ ತುರಿಸುತ್ತದೆ, ತಡೆದುಕೊಳ್ಳಿ. ನೀವು ಸಲೀಸಾಗಿ ದಾಟಿದ ಕಡೆ ಅವರು ಸಿಕ್ಕಿಹಾಕಿಕೊಳ್ಳುತ್ತಾರೆ, ನೀವು ಗಮನಿಸದೆ ಬಿಟ್ಟ ಮೂಲೆಯಲ್ಲಿ ಏನೋ ಕಂಡು ನಗುತ್ತಾರೆ. ಕೇಳಿದಾಗ ಮಾತ್ರ ಸುಳಿವು ಕೊಡಿ. ಮುಗಿದ ಮೇಲೆ ಅವರಿಗ್ಯಾವುದು ಹಿಡಿಸಿತು ಅಂತ ಕೇಳಿ, ನಿಮ್ಮ ಬರಹಕ್ಕೆ ಅದನ್ನೂ ಸೇರಿಸಿ. ರಿವ್ಯೂ ಅನ್ನು ಯಾವಾಗ ಬೇಕಾದರೂ ತಿದ್ದಬಹುದು. ಗೇಮ್‌ಗೆ ಅಪ್‌ಡೇಟ್ ಬಂದು ನೀವು ಹೇಳಿದ ದೋಷ ಸರಿಹೋಗಿದ್ದರೆ, ಯಾವ ಆವೃತ್ತಿಯಲ್ಲಿ ಸರಿಹೋಯಿತು ಅಂತ ದಿನಾಂಕದ ಜೊತೆ ಒಂದು ಸಾಲು ಮೇಲೆ ಹಾಕಿಬಿಡಿ.